ಎಲ್ಲ ಒಪ್ಪುವ ತನಕ ಯಾವುದೂ ಒಪ್ಪಿಲ್ಲ

ದೇಶ ದೇಶಗಳು ವ್ಯಾಪಾರದ ಒಪ್ಪಂದಕ್ಕೆಂದು ಕೂತು, ವರ್ಷಗಟ್ಟಲೆ ಮಾತಾಡಿ, ಕಡೆಗೆ ಮುಖ ಗಂಟು ಹಾಕಿಕೊಂಡು ಎದ್ದು ಹೋದ ಸುದ್ದಿಯನ್ನು ನೀವು ಆಗಾಗ ಪತ್ರಿಕೆಯಲ್ಲಿ ಓದಿರುತ್ತೀರಿ. ಯಾಕೆ ಹೀಗಾಗುತ್ತದೆ ಎಂದು ಪಂಡಿತರು ಟಿವಿಯಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಾರೆ. ಗದಗ-ಬೆಟಗೇರಿಯ ನಮ್ಮ ಓಣಿಗೆ ಬಂದು ಯಾರನ್ನು ಕೇಳಿದರೂ ಸಾಕು, ಕಾರಣ ಹೇಳುತ್ತಾರೆ. ನಮ್ಮ ಅತ್ತೆ ನಿವೃತ್ತಿಯಾದಳು, ಅದಕ್ಕೇ!

ಈ ಸಿದ್ಧಾಂತವನ್ನು ಓಣಿಯಲ್ಲಿ ಹಬ್ಬಿಸಿದವಳು ಅತ್ತೆಯೇ ಎಂಬುದು ಬೇರೆ ಮಾತು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹುಡುಗಿಯಾಗಿದ್ದಾಗ ಗದಗಿನಲ್ಲಿ ಟೈಪಿಂಗ್ ಕಲಿತು, ಯಾವುದೋ ಪರೀಕ್ಷೆ ಪಾಸು ಮಾಡಿ, ಮನೆಯವರೆಲ್ಲ ಬೇಡ ಬೇಡ ಎನ್ನುತ್ತಿದ್ದಂತೆಯೇ ದೆಹಲಿಯ ರೈಲು ಹತ್ತಿದವಳು. ಅಲ್ಲಿ ಒಂದು ಸರ್ಕಾರಿ ಕಚೇರಿ. ನಮ್ಮ ಸರ್ಕಾರ ಬೇರೆ ಸರ್ಕಾರದ ಜೊತೆ ವ್ಯಾಪಾರದ ಮಾತಿಗೆ ಕೂತಾಗ ಆ ಮಾತುಕತೆಯನ್ನೆಲ್ಲ ಹಿಡಿದಿಡುವ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಆಕೆಯ ಕೆಲಸ. ಇದು ನಮ್ಮೂರ ದಲಾಲರ ಅಡತಿ ಅಂಗಡಿಯಲ್ಲಿ ಶೇಂಗಾ ಚೀಲಕ್ಕೆ ಕೈ ಹಾಕಿ ‘ಎಷ್ಟಕ್ಕ ಕೊಡ್ತಿ’ ಎಂದು ಕೇಳಿದಷ್ಟು ಸುಲಭವಲ್ಲವಂತೆ. ಸೂಜಿಯಿಂದ ವಿಮಾನದ ತನಕ ಸಾವಿರಾರು ಪದಾರ್ಥ, ಒಂದೊಂದಕ್ಕೂ ಒಂದು ಸಂಖ್ಯೆ. ಒಂದೊಂದರ ಎದುರಿಗೂ ನಾವು ಕೇಳಿದ್ದೇನು, ಅವರು ಕೊಡುತ್ತೇವೆ ಎಂದದ್ದೇನು, ನಿನ್ನೆ ಎಂದದ್ದನ್ನು ಇವತ್ತು ಯಾಕೆ ನುಂಗಿಕೊಂಡರು, ಎಲ್ಲವೂ ದಾಖಲಾಗಬೇಕು. ಇಬ್ಬರೂ ಒಪ್ಪಿದ ಸಾಲು ಹಸಿರು. ಒಪ್ಪದ ಸಾಲು ಕೆಂಪು. ತಕರಾರಿನ ಮಾತನ್ನು ಚೌಕ ಕಂಸದೊಳಗೆ ಕೂಡಿಹಾಕುತ್ತಾರೆ. ಇಬ್ಬರೂ ಹೂಂ ಎಂದ ದಿನವೇ ಅದಕ್ಕೆ ಬಿಡುಗಡೆ. ಮಾತಾಡುವ ಸಾಹೇಬರೆಲ್ಲ ಒಳಗಿನ ಕೋಣೆಯಲ್ಲಿ, ನಮ್ಮ ಅತ್ತೆ ಹೊರಗಿನ ಕೋಣೆಯಲ್ಲಿ. ಸಾಹೇಬರು ಬದಲಾದರು, ಮಂತ್ರಿಗಳು ಬದಲಾದರು, ಕಂಪ್ಯೂಟರುಗಳೂ ಬದಲಾದವು. ಅತ್ತೆ ಮಾತ್ರ ಬದಲಾಗಲಿಲ್ಲ.

ಅಲ್ಲಿಯ ಒಂದು ನಿಯಮ ಆಕೆಯ ರಕ್ತದಲ್ಲೇ ಇಳಿದುಬಿಟ್ಟಿದೆ. ಎಲ್ಲ ಒಪ್ಪುವ ತನಕ ಯಾವುದೂ ಒಪ್ಪಿಲ್ಲ! ಸಾವಿರ ಸಾಲು ಹಸಿರಾಗಿ ಒಂದೇ ಒಂದು ಕೆಂಪಾಗಿ ಉಳಿದರೂ ಒಪ್ಪಂದ ಆಗಿಲ್ಲವೆಂದೇ ಲೆಕ್ಕ. ಈ ನಿಯಮವನ್ನು ಸರ್ಕಾರಗಳು ಎಷ್ಟು ಪಾಲಿಸುತ್ತವೆಯೋ ನಾನರಿಯೆ. ನಮ್ಮ ಮನೆಯಲ್ಲಂತೂ ಉಪ್ಪಿನಕಾಯಿ ಭರಣಿ ಎಲ್ಲಿಡಬೇಕೆಂಬಲ್ಲಿಗೂ ಅದು ಜಾರಿಯಲ್ಲಿದೆ.

ಆಕೆ ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇಲ್ಲ. ಆದರೆ ಓಣಿಯ ಹೆಂಗಸರಿಗೆ ಇಲ್ಲದ ಧೈರ್ಯವೇ? ಅತ್ತೆ ನಿವೃತ್ತಿಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ ಒಬ್ಬಾಕೆ ನಮ್ಮ ಕಟ್ಟೆಯ ಮೇಲೆ ಕೂತು, ಇಷ್ಟು ಓದಿದಾಕಿ, ಇಷ್ಟು ದೊಡ್ಡ ನೌಕರಿ ಮಾಡಿದಾಕಿ, ಲಗ್ನ ಯಾಕೆ ಆಗಲಿಲ್ಲ ಎಂದು ಕೇಳಿಯೇಬಿಟ್ಟಳು. ಅತ್ತೆ ಕನ್ನಡಕ ಏರಿಸಿ ಹೇಳಿದಳು: “ಮಾತುಕತಿ ಇನ್ನೂ ನಡದಾವ.”

ಆ ಹೆಂಗಸು ಮತ್ತೆ ಆ ಕಟ್ಟೆಯ ಮೇಲೆ ಕೂರಲಿಲ್ಲ.

ನಿವೃತ್ತಿಯಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ತುಳಸಿಗೆ ನೀರು ಹಾಕುತ್ತಾರೆ, ಮೊಣಕಾಲಿಗೆ ಎಣ್ಣೆ ಹಚ್ಚುತ್ತಾರೆ. ಅತ್ತೆ ನಮ್ಮ ಅಡುಗೆಮನೆಗೆ ನುಗ್ಗಿದಳು. ಜೀರಿಗೆ ಎಂಬ ಹೆಸರಿಗೆ ಅಂತಾರಾಷ್ಟ್ರೀಯ ಮಾನ್ಯತೆ ಇಲ್ಲವೆಂದು ಹೇಳಿ ಡಬ್ಬಿಗಳ ಮೇಲೆಲ್ಲ ಸಂಖ್ಯೆ ಬರೆದ ಚೀಟಿ ಅಂಟಿಸಿದಳು. ಇಡೀ ಒಣಮೆಣಸಿನಕಾಯಿಗೆ ಒಂದು ಸಂಖ್ಯೆ, ಕುಟ್ಟಿದ್ದಕ್ಕೆ ಇನ್ನೊಂದು. ಅವ್ವ ಹುಳಿಗೆ ಸಾಸಿವೆ ಎಂದುಕೊಂಡು ಗಸಗಸೆ ಹಾಕಿ ಒಗ್ಗರಣೆ ಕೊಟ್ಟಳು. ಊಟಕ್ಕೆ ಕೂತ ಅಪ್ಪ ಒಂದು ತುತ್ತು ಬಾಯಿಗಿಟ್ಟು, ಇದು ಯಾವ ದೇಶದ ಸಾರು ಎಂದು ಕೇಳಿದ.

ಇನ್ನು ಮಿರ್ಚಿ ಭಜಿಯ ಪ್ರಕರಣ. ಗದಗಿನಲ್ಲಿ ಹುಟ್ಟಿದವರಿಗೆ ಮಿರ್ಚಿಯ ಬಗ್ಗೆ ಅನುಮಾನ ಬರುವುದುಂಟೇ? ಅತ್ತೆಗೆ ಬಂತು. ಇದು ತರಕಾರಿಯೋ, ಹಿಟ್ಟಿನ ಪದಾರ್ಥವೋ, ಎಣ್ಣೆಯ ಪದಾರ್ಥವೋ? ಒಳಗಿನ ಮೆಣಸಿನಕಾಯಿಯ ತೂಕ ಹೆಚ್ಚಿದ್ದರೆ ಒಂದು ಸುಂಕ, ಹೊರಗಿನ ಕಡಲೆಹಿಟ್ಟಿನದು ಹೆಚ್ಚಿದ್ದರೆ ಇನ್ನೊಂದು! ಆಕೆ ಒಂದು ಮಿರ್ಚಿಯನ್ನು ಸೀಳಿ, ಹಿಟ್ಟು ಬೇರೆ ಕಾಯಿ ಬೇರೆ ಮಾಡಿ, ಎರಡನ್ನೂ ಅಂಗೈಯಲ್ಲಿ ತೂಗಿ ನೋಡುತ್ತ ಕೂತಳು. ತೀರ್ಪು ಬರುವಷ್ಟರಲ್ಲಿ ತಟ್ಟೆಯಲ್ಲಿ ಉಳಿದಿದ್ದನ್ನು ನಾವು ಸುಂಕವಿಲ್ಲದೆ ಒಳಗೆ ಸಾಗಿಸಿದ್ದೆವು.

ಪೇಟೆಗೆ ಹೋದರೂ ಅಷ್ಟೇ. ಪಕ್ಕದ ಅಸುಂಡಿಯಿಂದ ಮೆಂತ್ಯ ತರುವ ಮುದುಕಿಯೊಬ್ಬಳಿದ್ದಾಳೆ. ಅತ್ತೆ ತನ್ನ ಟ್ಯಾಬ್ ತೆಗೆದು, ನಮ್ಮ ಬೇಡಿಕೆ ಇದು, ನಮ್ಮ ಮೊದಲ ಕೊಡುಗೆ ಇದು, ನಿಮ್ಮ ಉತ್ತರ ನಾಳೆ ಇದೇ ಹೊತ್ತಿಗೆ ತಿಳಿಸಿದರೆ ಸಾಕು ಎಂದು ತೋರಿಸಿದಳು. ಮುದುಕಿ ಟ್ಯಾಬನ್ನೂ ನೋಡಿದಳು, ಅತ್ತೆಯನ್ನೂ ನೋಡಿದಳು. “ಯವ್ವಾ, ನಾಳಿ ತನಕ ನಾ ಇರ್ತೀನಿ. ಮೆಂತೇಪಲ್ಲೆ ಇರಬೇಕಲ್ಲ” ಎಂದಳು. ಅತ್ತೆ ಅದನ್ನೂ ದಾಖಲಿಸಿಕೊಂಡಳು. ‘ಎದುರು ಪಕ್ಷ ಕಾಲಾವಕಾಶಕ್ಕೆ ಒಪ್ಪಲಿಲ್ಲ’ ಎಂದು.

ಅಪ್ಪನದು ಪೂರ್ತಿ ಉಲ್ಟಾ ಸ್ವಭಾವ. ಬೆಟಗೇರಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡು, ಗಿರಾಕಿ ಎಷ್ಟಕ್ಕೆ ಕೇಳಿದರೂ ‘ಆತು ಬಿಡ್ರಿ’ ಎಂದು ಕಟ್ಟಿಕೊಟ್ಟವನು. ಜಗಳ ಬಂದರೆ ಆತು ಬಿಡ್ರಿ, ಬರದಿದ್ದರೂ ಆತು ಬಿಡ್ರಿ. ಒಂದೇ ತಾಯಿಯ ಹೊಟ್ಟೆಯಲ್ಲಿ ಇವರಿಬ್ಬರೂ ಹೇಗೆ ಹುಟ್ಟಿದರು ಎಂದು ಅವ್ವ ಈಗಲೂ ಆಶ್ಚರ್ಯಪಡುತ್ತಾಳೆ. ನಗುವವರು ನಗಲಿ. ಒಂದು ಮನೆಗೆ ‘ಆತು ಬಿಡ್ರಿ’ ಎನ್ನುವವರು ಒಬ್ಬರಿದ್ದರೆ ‘ಆಗಂಗಿಲ್ಲ’ ಎನ್ನುವವರೂ ಒಬ್ಬರಿರಬೇಕು. ಇಲ್ಲದಿದ್ದರೆ ಆ ಮನೆಯನ್ನು ಜನ ಹಾಸಿಗೆ ಸಮೇತ ಸುತ್ತಿಕೊಂಡು ಹೋಗುತ್ತಾರೆ. ಈ ಮಾತು ನನಗೆ ನನ್ನ ತಂಗಿಯ ಮದುವೆಯ ಮಾತುಕತೆಯಲ್ಲಿ ಗೊತ್ತಾಯಿತು.

ನನ್ನ ತಂಗಿ ಬಸ್ ಕಂಡಕ್ಟರ್. ಗದಗಿನಿಂದ ಶಿರಹಟ್ಟಿ, ಅಲ್ಲಿಂದ ಲಕ್ಷ್ಮೇಶ್ವರ, ಕೆಲವು ದಿನ ಮುಂಡರಗಿ ಕಡೆ. ಖಾಕಿ ಹಾಕಿ, ಟಿಕೆಟ್ ಮಷೀನು ಕೊರಳಿಗೆ ತೂಗುಹಾಕಿ ಆಕೆ ‘ರೈಟ್’ ಎಂದಳೆಂದರೆ ಬಾಗಿಲಲ್ಲಿ ಜೋತುಬಿದ್ದ ಪೈಲ್ವಾನರೂ ಒಳಗೆ ಸರಿಯುತ್ತಾರೆ. ಆ ಬಸ್ಸಿನಲ್ಲಿ ಲಕ್ಷ್ಮೇಶ್ವರದಿಂದ ಶಿರಹಟ್ಟಿಯ ಕಾಲೇಜಿಗೆ ಪಾಠ ಹೇಳಲು ಹೋಗುವ ಹುಡುಗನೊಬ್ಬ ದಿನಾಲು ಹತ್ತುತ್ತಿದ್ದ. ದಿನಾಲು ಸರಿಯಾದ ಚಿಲ್ಲರೆಯನ್ನೇ ಕೊಡುತ್ತಿದ್ದ. ಕಂಡಕ್ಟರಿನ ಮನಸ್ಸು ಗೆಲ್ಲಲು ಇದಕ್ಕಿಂತ ಹತ್ತಿರದ ದಾರಿ ಯಾವುದಿದೆ ಹೇಳಿ!

ಹುಡುಗನ ಅಪ್ಪ ಲಕ್ಷ್ಮೇಶ್ವರದ ದೊಡ್ಡ ಮೆಣಸಿನಕಾಯಿ ವ್ಯಾಪಾರಿ. ಊರಲ್ಲಿ ಸಾಹುಕಾರ ಎಂದೇ ಹೆಸರು. ಒಳ್ಳೆಯ ಮನುಷ್ಯ, ಆದರೆ ಮರ್ಯಾದೆಯ ವಿಷಯದಲ್ಲಿ ಬಲು ಸೂಕ್ಷ್ಮ. ಹುಡುಗಿ ಒಪ್ಪಿಗೆ, ಮನೆತನ ಒಪ್ಪಿಗೆ. ಒಂದೇ ಅಳುಕು. ಆ ಬಸ್ಸು ಅವರ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಗಾದಿಯ ಮೇಲೆ ಮಾವ ಕೂತಿರಬೇಕು, ಎದುರಿಗೆ ಬಾಗಿಲಲ್ಲಿ ನಿಂತು ಸೊಸೆ ಸೀಟಿ ಊದಬೇಕು! ಇದನ್ನು ಅವರು ನೇರವಾಗಿ ಹೇಳಲಿಲ್ಲ. ನಮ್ಮ ಕಡೆ ಯಾರು ತಾನೆ ಇಂಥದ್ದನ್ನು ನೇರ ಹೇಳುತ್ತಾರೆ? ಲಗ್ನ ಆದ ಮೇಲೆ ಮನೆಯಲ್ಲಿ ಹೇಗೂ ಆಕೆಗೆ ಕೆಲಸ ಬೇಕಾದಷ್ಟಿರುತ್ತದೆ ಎಂದರು. ತಂಗಿ ಅಂದು ರಾತ್ರಿ ಊಟ ಮಾಡಲಿಲ್ಲ. ಹುಡುಗ ಬೇಕು, ನೌಕರಿಯೂ ಬೇಕು, ಒಂದನ್ನು ಬಿಟ್ಟು ಒಂದು ಹಿಡಿಯುವುದು ನನ್ನಿಂದ ಆಗದು ಎಂದು ಅತ್ತೆಯ ಮುಂದೆ ಹೇಳಿ ಅತ್ತಳು.

ಅತ್ತೆ ಸಮಾಧಾನ ಮಾಡಲಿಲ್ಲ. ಟ್ಯಾಬ್ ಚಾರ್ಜಿಗೆ ಹಾಕಿದಳು.

ನಮ್ಮಲ್ಲಿ ಮದುವೆ ಗಟ್ಟಿಯಾಗುವುದು ಯಾದಿಯಿಂದ. ಎರಡೂ ಕಡೆಯ ಹಿರಿಯರು ಜಮಖಾನೆಯ ಮೇಲೆ ಕೂತು ಯಾರು ಏನು ಮಾಡಬೇಕು, ಛತ್ರ ಯಾರದು, ಹೋಳಿಗೆ ಯಾರದು, ಬಾಸಿಂಗ ಯಾರು ತರಬೇಕು ಎಂದು ಒಂದೊಂದೇ ಸಾಲು ಬರೆಸುತ್ತಾರೆ. ಆ ಹಾಳೆಗೆ ಯಾದಿ ಎನ್ನುತ್ತೇವೆ. ನಮ್ಮ ಮನೆಯ ಮದುವೆಯ ಯಾದಿಯನ್ನು ಹಾಳೆಯಲ್ಲಿ ಬರೆಯತಕ್ಕದ್ದಲ್ಲ ಎಂದು ಅತ್ತೆ ಫರ್ಮಾನು ಹೊರಡಿಸಿದಳು. ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ, ಎರಡೂ ಮನೆಗೆ ಒಂದೊಂದು ಗುಪ್ತಪದ. ಯಾರು ಏನು ತಿದ್ದಿದರೂ ಇನ್ನೊಬ್ಬರಿಗೆ ತಕ್ಷಣ ಕಾಣಬೇಕು. ರೊಕ್ಕ, ಬಂಗಾರದ ಸುದ್ದಿ ಯಾದಿಯಲ್ಲಿ ಬರಕೂಡದು ಎಂಬುದು ಮೊದಲ ಷರತ್ತು. ಕಟ್ಟಕಡೆಯ ಸಾಲಿನಲ್ಲಿ ಚೌಕ ಕಂಸದೊಳಗೆ ಬರೆದಳು: ‘ಲಗ್ನದ ನಂತರವೂ ಹುಡುಗಿ ನೌಕರಿ ಮಾಡುತ್ತಾಳೆ.’

ಎರಡು ಸರ್ಕಾರಗಳು ಬಳಸುವ ಪದ್ಧತಿ ಇದು ಎಂದು ಕೇಳಿ ಸಾಹುಕಾರರಿಗೂ ಹೆಮ್ಮೆಯೇ ಆಯಿತು. ಅಂಗಡಿಯಲ್ಲಿ ಬಂದವರಿಗೆಲ್ಲ ಮೊಬೈಲು ತೋರಿಸಿದರಂತೆ.

ಮಾರನೆಯ ದಿನ ಬೆಳಗ್ಗೆ ಅತ್ತೆ ಚಹಾ ಹಿಡಿದುಕೊಂಡು ಟ್ಯಾಬ್ ತೆರೆದಳು. ಛತ್ರ ಕೆಂಪು. ಹೋಳಿಗೆ ಕೆಂಪು. ಬಾಸಿಂಗ ಕೆಂಪು. ವಾಲಗ ಕೆಂಪು. ಕಡೆಗೆ ತಾಳಿ ಕೂಡ ಕೆಂಪು! ಅವ್ವ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ತಾಳಿಗೇ ಒಪ್ಪದವರು ಮದುವೆಗೆ ಹೇಗೆ ಒಪ್ಪುತ್ತಾರೆ? ಅತ್ತೆಯ ಮುಖದಲ್ಲಿ ಮಾತ್ರ ನಿವೃತ್ತಿಯಾದ ಮೇಲೆ ಕಾಣದಿದ್ದ ಕಳೆ ಬಂದಿತ್ತು. ಸೆರಗು ಸಿಕ್ಕಿಸಿ, ಇವರು ಬಲು ಗಟ್ಟಿ ಪಕ್ಷ ಎಂದಳು. ಅವರು ಬೇಡವೆಂದರೆ ನಮ್ಮ ಕೊಡುಗೆಯೂ ವಾಪಸು ಎಂದು ಕೆಂಪನ್ನೆಲ್ಲ ಅಳಿಸಿ, ಹೋಳಿಗೆ ಇದ್ದಲ್ಲಿ ಬರೀ ರವೆಯ ಸಜ್ಜಕ ಬರೆದು, ವಾಲಗವನ್ನು ಕಿತ್ತು ಹಾಕಿದಳು. ಸಂಜೆ ನೋಡಿದರೆ ಸಜ್ಜಕವೂ ಕೆಂಪು! ಅತ್ತೆ ಮತ್ತೆ ಅಳಿಸಿದಳು. ಅವರು ಮತ್ತೆ ಹಚ್ಚಿದರು. ಹೀಗೇ ಒಂದು ವಾರ ಬೆಟಗೇರಿಗೂ ಲಕ್ಷ್ಮೇಶ್ವರಕ್ಕೂ ಮಹಾಯುದ್ಧ ನಡೆಯಿತು. ಅಪ್ಪ ಆತು ಬಿಡು ಅಕ್ಕಾ, ಸಜ್ಜಕಕ್ಕ ನಾವ ಒಪ್ಪೋಣು ಎನ್ನುತ್ತಿದ್ದ. ಅದನ್ನು ಬರೆದವಳು ಅತ್ತೆಯೇ ಎಂಬುದು ಪಾಪ ಅವನಿಗೆ ತಿಳಿದಿರಲಿಲ್ಲ.

ಕಡೆಗೆ ಹುಡುಗ ಬಸ್ಸಿನಲ್ಲಿ ಚಿಲ್ಲರೆಯನ್ನೂ ಮರೆತು ತಂಗಿಯನ್ನು ಕೇಳಿದನಂತೆ, ನಿಮ್ಮ ಮನೆಯವರಿಗೆ ಈ ಸಂಬಂಧ ಬೇಡವೇನು ಎಂದು. ಅವನ ಮಾತಿನಲ್ಲೇ ಹೇಳಬೇಕೆಂದರೆ, ನಮ್ಮಪ್ಪ ದಿನಾಲು ಸ್ನಾನ ಮಾಡಿ, ಪೂಜೆ ಮುಗಿಸಿ ಯಾದಿಗೆ ಕುಂಕುಮ ಹಚ್ಚುತ್ತಾರೆ. ನಿಮ್ಮತ್ತೆ ದಿನಾಲು ಅದನ್ನು ಅಳಿಸುತ್ತಾರೆ, ಲಗ್ನಕ್ಕೆ ಮೊದಲೇ ಹೀಗೆ ಕುಂಕುಮ ಅಳಿಸಬಹುದೇ ಎಂದು ಮನೆಯಲ್ಲಿ ಎಲ್ಲರೂ ಕಂಗಾಲಾಗಿದ್ದಾರೆ!

ಆಗ ನಮ್ಮ ತಲೆಗೆ ಹೋಯಿತು. ಹಾಳೆಯ ಯಾದಿಯಲ್ಲಿ ಒಪ್ಪಿದ ಸಾಲಿಗೆ ಕುಂಕುಮದ ಬೊಟ್ಟು ಇಡುವುದು ತಲೆತಲಾಂತರದ ಪದ್ಧತಿ. ಸಾಹುಕಾರರು ಮೊಬೈಲಿನಲ್ಲಿ ಬಣ್ಣದ ಗುಂಡಿ ಹುಡುಕಿ, ಒಪ್ಪಿದ ಸಾಲಿಗೆಲ್ಲ ಭಕ್ತಿಯಿಂದ ಕೆಂಪು ಬಳಿದಿದ್ದರು. ಲಗ್ನದ ಯಾದಿಯಲ್ಲಿ ಕೆಂಪು ಎಂದರೆ ಬೇಡ ಎಂದರ್ಥ ಎಂದು ಈ ಸೀಮೆಯಲ್ಲಿ ಯಾರಿಗೆ ತಾನೆ ಹೊಳೆದೀತು? ಸಜ್ಜಕಕ್ಕೂ ಬೇಸರಿಸದೆ ಕುಂಕುಮ ಇಟ್ಟ ಜನ ಅವರು!

ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೊದಲು ನಗು ನಿಲ್ಲಿಸಿದವಳು ಅತ್ತೆ. ಟ್ಯಾಬ್ ನಮ್ಮ ಕಡೆ ತಿರುಗಿಸಿದಳು. ಇಡೀ ಯಾದಿ ಕೆಂಪಗಿತ್ತು. ಕಡೆಯ ಸಾಲು ಮಾತ್ರ ಬೆಳ್ಳಗೆ, ಕಂಸದೊಳಗೆ ಹಾಗೆಯೇ ಕೂತಿತ್ತು. ಒಂದು ವಾರದಲ್ಲಿ ಒಮ್ಮೆಯೂ ಅದಕ್ಕೆ ಕುಂಕುಮ ಬಿದ್ದಿರಲಿಲ್ಲ.

ಮುಂದಿನ ಸೋಮವಾರ ಬೀಗರು ನಮ್ಮ ಮನೆಗೆ ಬಂದರು. ಸಾಹುಕಾರರು, ಹುಡುಗ, ಜೊತೆಗೆ ಅವರ ಕಡೆಯ ಹಿರಿಯರು. ಮಾತು ಮುಗಿದರೆ ಎರಡೂ ಕಡೆಯವರಿಗೆ ಸಕ್ಕರೆ ಹಂಚಬೇಕು. ಅವ್ವ ಹಿತ್ತಾಳೆ ತಟ್ಟೆಯಲ್ಲಿ ಸಕ್ಕರೆ ತುಂಬಿ ನಡುವೆ ತಂದಿಟ್ಟಿದ್ದಳು. ತಂಗಿಗೆ ಮಧ್ಯಾಹ್ನದ ಡ್ಯೂಟಿ. ರೇಷ್ಮೆ ಸೀರೆ ಉಡು ಎಂದು ಅವ್ವ ಗೋಗರೆದರೂ ಕೇಳದೆ ಖಾಕಿಯಲ್ಲೇ ಬಂದು ಚಹಾ ಕೊಟ್ಟಳು. ಸಾಹುಕಾರರು ಚಹಾ ತೆಗೆದುಕೊಂಡರು, ಖಾಕಿಯನ್ನು ನೋಡದವರಂತೆ ಗೋಡೆಯ ಕ್ಯಾಲೆಂಡರ್ ನೋಡಿದರು.

ಕೆಂಪಿನ ಕಥೆ ಹೇಳಿ ಮತ್ತೊಮ್ಮೆ ಎಲ್ಲರೂ ನಕ್ಕಾಯಿತು. ಹೋಳಿಗೆ ವಾಪಸು ಬಂತು, ವಾಲಗ ವಾಪಸು ಬಂತು. ಆಮೇಲೆ ಸಾಹುಕಾರರು ಮೆತ್ತಗೆ ಕಡೆಯ ಸಾಲಿಗೆ ಬಂದರು.

“ಅಕ್ಕಾರ, ಎಲ್ಲಾ ಒಪ್ಪೇವಿ. ಈ ಒಂದು ಸಾಲು ಬಿಟ್ಟುಬಿಡ್ರಿ. ಲಗ್ನ ಆಗ್ಲಿ, ಆಮ್ಯಾಲ ಮನ್ಯಾಗ ಕುಂತು ನೋಡೋಣು.”

“ಆಮ್ಯಾಲ ನೋಡೋಣು ಅಂದದ್ದನ್ನ ಆಮ್ಯಾಲ ಯಾರೂ ನೋಡಂಗಿಲ್ರಿ, ಸಾಹುಕಾರ್ರ. ನನ್ನ ನೌಕರಿಯೊಳಗ ನಾ ಭಾಳ ಕಂಡೇನಿ. ಎಲ್ಲಾ ಒಪ್ಪೋತನಕ ಯಾವುದೂ ಒಪ್ಪಿಲ್ಲ.”

ಜಮಖಾನೆಯ ಮೇಲೆ ಗುಸುಗುಸು ಎದ್ದಿತು. ಒಂದು ಸಾಲಿಗಾಗಿ ಒಳ್ಳೆಯ ಸಂಬಂಧ ಮುರಿಯುತ್ತಾರೆಯೇ? ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಈ ಹಟ ಸ್ವಲ್ಪ ಅತಿಯಾಯಿತೇನೋ ಎಂದು ಆ ಹೊತ್ತಿನಲ್ಲಿ ನನಗೂ ಅನ್ನಿಸಿದ್ದು ಸುಳ್ಳಲ್ಲ. ಅಷ್ಟರಲ್ಲಿ ಅವರ ಕಡೆಯ ಹಿರಿಯರೊಬ್ಬರು, ಯಾರಿಗೂ ಹೇಳದವರ ಹಾಗೆ ಎಲ್ಲರಿಗೂ ಕೇಳುವಂತೆ ಅಂದರು:

“ಲಗ್ನಾನ ಆಗದಾಕಿಗೆ ಲಗ್ನದ ಮಾತು ಏನ್ ತಿಳೀತೈತಿ.”

ನಾನು ಅತ್ತೆಯ ಕಡೆ ನೋಡಿದೆ. ಈಗ ಒಂದು ಬಾಣ ಬರುತ್ತದೆ, ಆ ಹಿರಿಯರು ಧೋತರ ಎತ್ತಿಕೊಂಡು ಓಡುತ್ತಾರೆ ಎಂದುಕೊಂಡೆ. ಬಾಣ ಬರಲಿಲ್ಲ. ಅತ್ತೆಯ ಬೆರಳು ಟ್ಯಾಬಿನ ಮೇಲೆ ನಿಂತೇ ಇತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ಆಗ ಅಪ್ಪ ಎದ್ದ. ‘ಆತು ಬಿಡ್ರಿ’ ಎನ್ನಲು ಎದ್ದಿದ್ದಾನೆ ಎಂದೇ ನಾವೆಲ್ಲ ತಿಳಿದೆವು. ಅವನು ಸಕ್ಕರೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಒಳಗಿಟ್ಟು ಬಂದ. ಬಂದು ತನ್ನ ಜಾಗದಲ್ಲಿ ಕೂರಲಿಲ್ಲ. ಅಕ್ಕನ ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ.

“ನಮ್ಮಕ್ಕ ಹೂಂ ಅನ್ನೋತನಕ ಈ ಮನ್ಯಾಗ ಸಕ್ಕರಿ ಹಂಚೂದಿಲ್ರಿ” ಎಂದ.

ಗಿರಾಕಿಯ ಮುಂದೆ ಕೂಡ ಒಮ್ಮೆಯೂ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಮನುಷ್ಯನಿಗೆ ಅದೆಷ್ಟು ಕಷ್ಟದ ಮಾತಾಗಿತ್ತೋ!

ಅತ್ತೆ ತಮ್ಮನ ಮುಖ ನೋಡಿದಳು. ಆಮೇಲೆ ಟ್ಯಾಬನ್ನು ಬಾಗಿಲಲ್ಲಿ ನಿಂತಿದ್ದ ನನ್ನ ತಂಗಿಯ ಕೈಗೆ ಕೊಟ್ಟಳು. ಇದು ನನ್ನ ಸಾಲಲ್ಲ, ಈಕೆಯದು, ಈಕೆಯನ್ನೇ ಕೇಳಿರಿ ಎಂದಳು. ಅಲ್ಲಿಯವರೆಗೆ ನಾವ್ಯಾರೂ ಆಕೆಯನ್ನು ಕೇಳಿರಲೇ ಇಲ್ಲ.

ತಂಗಿ ಹುಡುಗನ ಕಡೆ ನೋಡಲಿಲ್ಲ. ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲವೇನೋ.

“ಮಾವಾರ, ನಿಮಗ ನಿಮ್ಮ ಅಂಗಡಿ ಹೆಂಗೋ ನನಗ ನನ್ನ ಬಸ್ ಹಂಗ. ಈ ಸಾಲು ತೆಗೀಬೇಕು ಅಂದ್ರ, ಉಳಿದ ಸಾಲೂ ತೆಗದುಬಿಡ್ರಿ.”

ಹುಡುಗ ಇಷ್ಟು ಹೊತ್ತೂ ತಲೆ ಬಗ್ಗಿಸಿ ಕೂತಿದ್ದ. ಈಗ ಅಪ್ಪನ ಕಡೆ ತಿರುಗಿ, ನಾನು ಈಕೆಯನ್ನು ನೋಡಿ ಒಪ್ಪಿದ್ದೇ ಬಸ್ಸಿನಲ್ಲಿ, ಬಸ್ಸು ಬಿಟ್ಟು ಬಾ ಎಂದು ನಾನು ಯಾವ ಬಾಯಿಂದ ಹೇಳಲಿ ಎಂದ. ಮೆಲ್ಲಗೆ ಹೇಳಿದ, ಆದರೆ ಹೇಳಿದ.

ಸಾಹುಕಾರರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಖಾಕಿಯ ಕಡೆ ಮೊದಲ ಸಲ ನೇರ ನೋಡಿ, ಮಗನ ಕಡೆ ನೋಡಿ, ಟ್ಯಾಬಿಗೆ ಕೈ ಚಾಚಿದರು. ಅಂಗಡಿಯ ಮುಂದೆ ಬಂದಾಗ ಸೀಟಿಯನ್ನು ಮೆಲ್ಲಗೆ ಊದಿದರೆ ಸಾಕು ಎಂದು ಗೊಣಗಿದರು. ಒಪ್ಪಿಗೆ ಹಸಿರು ಒತ್ತಬೇಕೋ ಕೆಂಪು ಒತ್ತಬೇಕೋ ಎಂದು ಬೆರಳು ಎತ್ತಿ ಹಿಡಿದು ಅತ್ತೆಯನ್ನು ಕೇಳಿದರು. ಎಷ್ಟೋ ವರ್ಷ ದೇಶ ದೇಶಗಳಿಗೆ ಹಸಿರು ಎಂದರೆ ಹಸಿರು, ಕೆಂಪು ಎಂದರೆ ಕೆಂಪು ಎಂದು ಪಾಠ ಹೇಳಿದ ನಮ್ಮ ಅತ್ತೆ ಅಂದಳು:

“ಕೆಂಪ ಹಚ್ರಿ, ಸಾಹುಕಾರ್ರ. ಕುಂಕುಮ ಅಲ್ಲೇನು.”

ಅಪ್ಪ ಓಡಿಹೋಗಿ ಸಕ್ಕರೆ ತಂದ. ಅವ್ವ ಮೊದಲು ಬೀಗರಿಗೆ ಕೊಡಹೋದಳು. ಸಾಹುಕಾರರು ಬೇಡವೆಂದು ತಟ್ಟೆಯನ್ನು ತಾವೇ ಹಿಡಿದು, ಅತ್ತೆಯ ಮುಂದೆ ಬಾಗಿ, ಆಕೆಯ ಅಂಗೈಗೆ ಒಂದು ಚಿಟಿಕೆ ಹಾಕಿದರು. ಆಮೇಲೆ ಎಲ್ಲರೂ ತಿಂದರು, ನಕ್ಕರು, ಗದ್ದಲ ಮಾಡಿದರು. ಮದುವೆಯಾಗದಾಕೆ ಎಂದಿದ್ದ ಆ ಹಿರಿಯರೂ ಎರಡನೆಯ ಸಲ ಕೈ ಚಾಚಿದರು.

ಅತ್ತೆ ಮಾತ್ರ ತಿನ್ನಲಿಲ್ಲ. ಮುಷ್ಟಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಯಾಕೆ ಅತ್ತೆ, ಇನ್ನೂ ಯಾವ ಸಾಲು ಉಳಿದಿದೆ ಎಂದು ನಾನು ಚೇಷ್ಟೆ ಮಾಡಿದೆ. ಆಕೆ ಕನ್ನಡಕ ತೆಗೆದಳು. ಕಣ್ಣು ತುಂಬಿತ್ತು.

“ದೊಡ್ಡ ದೊಡ್ಡ ಒಪ್ಪಂದ ಆದಾಗೆಲ್ಲಾ ಒಳಗ ಸಾಹೇಬರು ಮಿಠಾಯಿ ತಿಂತಿದ್ರು. ಹೊರಗ ನನಗ ಮಷೀನ್ ಬಂದ್ ಮಾಡಿ ಹೋಗ್ರಿ ಅಂತಿದ್ರು. ನನ್ನ ಕೈಯಾಗ ಇದು ಮೊದಲ ಸಕ್ಕರಿ, ಅಪ್ಪೀ.”

ತಂಗಿ ಕೇಳಿಸಿಕೊಂಡಿದ್ದಳು. ಡ್ಯೂಟಿಗೆ ಹೊತ್ತಾಗಿತ್ತು, ಟಿಕೆಟ್ ಮಷೀನು ಆಗಲೇ ಕೊರಳಲ್ಲಿತ್ತು. ಅತ್ತೆಯ ಎದುರು ಮೊಣಕಾಲೂರಿ ಕೂತು, ಆಕೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೆವರಿಗೆ ಅಂಟಿದ ಸಕ್ಕರೆಯನ್ನು ಆಕೆಯ ಬಾಯಿಗೇ ಇಟ್ಟಳು. ಹಾಗೇ ಕೂತಿದ್ದವಳು ಗೋಡೆಯ ಗಡಿಯಾರ ನೋಡಿ, ಬಸ್ಸು ಹೊರಡುವ ಹೊತ್ತಾಯಿತು ಅತ್ತಿ ಎಂದು ಗಾಬರಿಯಿಂದ ಎದ್ದಳು.

ಅತ್ತೆ ಬಾಗಿಲ ತನಕ ಹೋಗಿ, ಆಕೆಯ ಖಾಕಿಯ ಕಾಲರ್ ಸರಿಮಾಡಿ, ಬೆನ್ನು ತಟ್ಟಿದಳು.

“ಸಾವಕಾಶ ಹೋಗವ್ವಾ. ನೀ ರೈಟ್ ಅನ್ನೋತನಕ ಬಸ್ ಹೊಂಡಂಗಿಲ್ಲ.”